ಪಂಜರದೊಳಗೆ ಯಾವ ವಿದ್ಯೆ ಗೆದ್ದೀತು?

ಸಂಜೆ ಐದರ ಹೊತ್ತಿಗೆ ಮಂಗಳೂರಿನ ಯಾವ ಬೀದಿಯಲ್ಲಿ ನಿಂತರೂ ಕಾಣಸಿಗುವ ದೃಶ್ಯವಿದು. ಅಪ್ಪನ ಸ್ಕೂಟರಿನ ಹಿಂದೆ ಬಿಳಿಯ ಅಂಗಿ, ಬಿಳಿಯ ಪೈಜಾಮ ತೊಟ್ಟ ಹುಡುಗ. ಸೊಂಟಕ್ಕೆ ಹಳದಿಯೋ ಹಸಿರೋ ಬೆಲ್ಟು, ಕೈಯಲ್ಲಿ ನೀರಿನ ಬಾಟಲಿ. ಕರಾಟೆ ಈ ಊರಿಗೆ ಹೊಸದೇನಲ್ಲ. 1973ರಲ್ಲಿ ತೆರೆಕಂಡ ಬ್ರೂಸ್ ಲೀಯ 'ಎಂಟರ್ ದ ಡ್ರ್ಯಾಗನ್' ನೋಡಿ ಮನೆಯ ಹಿತ್ತಿಲಲ್ಲಿ ತೆಂಗಿನ ಮರಕ್ಕೆ ಒದ್ದು ಕಾಲು ಊದಿಸಿಕೊಂಡ ತಲೆಮಾರು ಈಗ ಅಜ್ಜಂದಿರ ಸಾಲಿಗೆ ಸೇರಿದೆ. 2017ರಲ್ಲಿ ನಗರದ ಮೇಯರ್ ಆಗಿದ್ದ ಕವಿತಾ ಸನಿಲ್ ಅವರೇ ಕರಾಟೆ ಪಟು. ಆ ವರ್ಷದ ನವೆಂಬರಿನಲ್ಲಿ ಕರಾಟೆ ಸ್ಪರ್ಧೆಯ ಉದ್ಘಾಟನೆಗೆಂದು ಮಂಗಳೂರಿಗೆ ಬಂದ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಮೇಯರ್ ಎದುರು ಮುಷ್ಟಿ ಬಿಗಿದು ನಿಂತ ಚಿತ್ರ ಪತ್ರಿಕೆಗಳಲ್ಲಿ ಅಚ್ಚಾಗಿ ಜನ ನಕ್ಕಿದ್ದರು.

ಆದರೆ ಅದೇ ಸ್ಕೂಟರಿನ ಹಿಂಬದಿಯ ಹುಡುಗ ಎಂಟನೆಯ ತರಗತಿಗೆ ಬರುವಷ್ಟರಲ್ಲಿ ಮೊಬೈಲಿನಲ್ಲಿ ಬೇರೆಯೇ ಆಟ ನೋಡಿರುತ್ತಾನೆ. ಎಂಟು ಮೂಲೆಯ ಬಲೆಯ ಪಂಜರ, ಅದರೊಳಗೆ ಇಬ್ಬರು, ಹೊಡೆಯಲೂಬಹುದು, ಒದೆಯಲೂಬಹುದು, ಎತ್ತಿ ಕೆಡವಿ ಕುತ್ತಿಗೆಗೆ ಪಟ್ಟು ಹಾಕಲೂಬಹುದು. ಅದೇ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್, ಚಿಕ್ಕದಾಗಿ ಎಂಎಂಎ. ಆಗ ಮನೆಯಲ್ಲಿ ಪ್ರಶ್ನೆ ಏಳುತ್ತದೆ. "ಅಪ್ಪ, ಈ ಕರಾಟೆ ಅಲ್ಲಿ ನಡೆಯುವುದಿಲ್ಲವಂತೆ, ಹೌದಾ?" ಅಪ್ಪನಿಗೆ ಉತ್ತರ ಗೊತ್ತಿಲ್ಲ. ಅಮ್ಮನದು ಇನ್ನೊಂದೇ ಪ್ರಶ್ನೆ: "ಅದೆಲ್ಲ ಎಂತಕ್ಕೆ ಮಾರಾಯ, ತಲೆಗೆ ಪೆಟ್ಟು ಬಿದ್ದರೆ?"

ಎರಡೂ ಸರಿಯಾದ ಪ್ರಶ್ನೆಗಳೇ. ಮೊದಲನೆಯದಕ್ಕೆ ಕಳೆದ ಮೂವತ್ತು ಚಿಲ್ಲರೆ ವರ್ಷಗಳಲ್ಲಿ ಸಾಕಷ್ಟು ಉತ್ತರ ಸಿಕ್ಕಿದೆ.

1993ರ ನವೆಂಬರ್ 12ರಂದು ಅಮೆರಿಕದ ಡೆನ್ವರ್ ನಗರದಲ್ಲಿ ಎಂಟು ಮಂದಿಯ ಒಂದು ವಿಚಿತ್ರ ಪಂದ್ಯ ಏರ್ಪಟ್ಟಿತು. ಬಾಕ್ಸರ್, ಸುಮೋ ಮಲ್ಲ, ಕರಾಟೆಯವ, ಕಿಕ್ ಬಾಕ್ಸರ್ ಎಲ್ಲರೂ ಒಂದೇ ಕಣದಲ್ಲಿ. ತೂಕದ ವಿಭಾಗವಿಲ್ಲ. ಕಚ್ಚಬಾರದು, ಕಣ್ಣಿಗೆ ಬೆರಳು ಹಾಕಬಾರದು. ಹೆಚ್ಚುಕಡಿಮೆ ಅಷ್ಟೇ ನಿಯಮ. ಹೆಸರು ಅಲ್ಟಿಮೇಟ್ ಫೈಟಿಂಗ್ ಚಾಂಪಿಯನ್‌ಶಿಪ್, ಅಂದರೆ ಇಂದಿನ ಯುಎಫ್‌ಸಿ. ಮೊದಲ ಕಾಳಗದಲ್ಲೇ 400 ಪೌಂಡಿಗೂ ಮಿಗಿಲಾದ ಸುಮೋ ಮಲ್ಲ ಒಂದು ಒದೆತಕ್ಕೆ ಹಲ್ಲು ಕಳೆದುಕೊಂಡ. ಭಾರವಿದ್ದರೆ ಸಾಕೆಂಬ ನಂಬಿಕೆ ಅಲ್ಲಿಗೆ ಹೋಯಿತು. ಆದರೆ ಅಂದು ಗೆದ್ದವನು ಒದೆದವನೂ ಅಲ್ಲ. ಬ್ರೆಜಿಲಿನ ರಾಯ್ಸ್ ಗ್ರೇಸಿ, ಸುಮಾರು 80 ಕಿಲೋ ತೂಕದ ಸಾಧಾರಣ ಮೈಕಟ್ಟಿನ ಯುವಕ, ಮೂವರನ್ನು ಒಬ್ಬರಾದ ಮೇಲೊಬ್ಬರಂತೆ ನೆಲಕ್ಕೆಳೆದು ಸೋಲೊಪ್ಪಿಸಿದ. ಮೂರೂ ಕಾಳಗಗಳ ಒಟ್ಟು ಸಮಯ ಐದು ನಿಮಿಷವೂ ಆಗಲಿಲ್ಲ. ಒಂದೇ ಕೈಗೆ ಗ್ಲೌಸು ತೊಟ್ಟು ಬಂದಿದ್ದ ಬಾಕ್ಸರ್ ಆರ್ಟ್ ಜಿಮ್ಮರ್‌ಸನ್, ಎದೆಯ ಮೇಲೆ ಗ್ರೇಸಿ ಕುಳಿತದ್ದೇ ತಡ, ಯಾವ ಪಟ್ಟೂ ಬೀಳುವ ಮೊದಲೇ ಸಾಕೆಂದು ನೆಲ ತಟ್ಟಿದ. ನೆಲದ ಮೇಲೆ ಮಲಗಿ ಏನು ಮಾಡಬೇಕೆಂದು ಅವನಿಗೆ ಯಾರೂ ಕಲಿಸಿರಲಿಲ್ಲ.

ಗ್ರೇಸಿಯ ವಿದ್ಯೆ ಬ್ರೆಜಿಲಿನಲ್ಲೇ ಹುಟ್ಟಿದ್ದಲ್ಲ ಎಂಬುದು ಸ್ವಾರಸ್ಯದ ಸಂಗತಿ. ಜಪಾನಿನ ಜಿಗೊರೊ ಕಾನೊ 1882ರಲ್ಲಿ ಕಟ್ಟಿದ ಕೊಡೊಕಾನ್ ಜೂಡೋ ಶಾಲೆಯ ಮಿತ್ಸುಯೊ ಮಯೇಡಾ ಎಂಬ ಜಟ್ಟಿ 1914ರಲ್ಲಿ ಬ್ರೆಜಿಲ್ ತಲುಪಿದ. ಅವನಿಂದ ಗ್ರೇಸಿ ಮನೆತನದ ಕಾರ್ಲೊಸ್ ಕಲಿತ, ಕಾರ್ಲೊಸ್‌ನಿಂದ ತಮ್ಮಂದಿರಿಗೆ ಹರಿಯಿತು. ಜೂಡೋದಲ್ಲಿ ಎತ್ತಿ ಎಸೆಯುವುದಕ್ಕೆ ಮಹತ್ವ. ಗ್ರೇಸಿಗಳು ಬಿದ್ದ ಮೇಲಿನ ಕೆಲಸಕ್ಕೆ ಮಹತ್ವ ಕೊಟ್ಟರು. ಅದೇ ಬ್ರೆಜಿಲಿಯನ್ ಜುಜುತ್ಸು. 1951ರಲ್ಲಿ ಜಪಾನಿನ ಜೂಡೋ ವೀರ ಮಸಾಹಿಕೊ ಕಿಮುರಾ ರಿಯೊ ನಗರದಲ್ಲಿ ರಾಯ್ಸ್‌ನ ತಂದೆ ಹೇಲಿಯೊ ಗ್ರೇಸಿಯ ತೋಳನ್ನು ತಿರುಚಿ ಮುರಿದ. ಸೋತ ಮನೆತನದವರು ಆ ಪಟ್ಟಿಗೆ ಗೆದ್ದವನ ಹೆಸರನ್ನೇ ಇಟ್ಟರು. ಇಂದಿಗೂ ಅದು 'ಕಿಮುರಾ'.

ಹಾಗಾದರೆ ಜುಜುತ್ಸುವೇ ಎಲ್ಲಕ್ಕಿಂತ ಮೇಲೋ? ಮೂರ್ನಾಲ್ಕು ವರ್ಷ ಹಾಗೆಯೇ ಕಂಡಿತು. ಅಷ್ಟರಲ್ಲಿ ಅಮೆರಿಕದ ಕಾಲೇಜು ಕುಸ್ತಿಯಿಂದ ಬಂದವರು ಕಣಕ್ಕಿಳಿದರು. ಕೆಡವುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಕೆಡವಿ ಮೇಲೆ ಕುಳಿತು ಗುದ್ದುವುದು ಅವರ ಕ್ರಮ. 1996ರಲ್ಲಿ ಮಾರ್ಕ್ ಕೋಲ್ಮನ್ ಹೀಗೆಯೇ ಎರಡು ಪಂದ್ಯಾವಳಿ ಗೆದ್ದ. 1997ರ ಜುಲೈನಲ್ಲಿ ಅದೇ ಕೋಲ್ಮನ್‌ನನ್ನು ಮಾರಿಸ್ ಸ್ಮಿತ್ ಎಂಬ ಕಿಕ್ ಬಾಕ್ಸರ್ ಸೋಲಿಸಿದ. ಸ್ಮಿತ್ ಹೊಸ ಒದೆತವನ್ನೇನೂ ಕಂಡುಹಿಡಿದಿರಲಿಲ್ಲ. ಕೆಳಗೆ ಬಿದ್ದಾಗ ಪೆಟ್ಟು ತಪ್ಪಿಸಿಕೊಂಡು ಮತ್ತೆ ಎದ್ದು ನಿಲ್ಲುವುದಷ್ಟನ್ನು ಚೆನ್ನಾಗಿ ಕಲಿತು ಬಂದಿದ್ದ. ಎದುರಾಳಿ ದಣಿದ ಮೇಲೆ ಅವನ ಕಾಲುಗಳು ಮಾತಾಡಿದವು.

ಈ ಮೂರು ಘಟ್ಟಗಳಲ್ಲಿ ಇಡೀ ವಿಷಯದ ತಿರುಳಿದೆ. ಕಾಳಗಕ್ಕೆ ಮೂರು ದೂರಗಳು. ಕೈಕಾಲು ಬೀಸುವಷ್ಟು ದೂರ, ಒಬ್ಬರನ್ನೊಬ್ಬರು ತಬ್ಬಿ ಹಿಡಿಯುವ ದೂರ, ನೆಲ. ಕಾಳಗ ಯಾವ ದೂರದಲ್ಲಿ ನಡೆಯಬೇಕೆಂದು ನಿರ್ಧರಿಸುವವನ ಕೈ ಮೇಲಾಗುತ್ತದೆ. ಕುಸ್ತಿಗೆ ಈ ಆಟದಲ್ಲಿ ಬೆಲೆ ಹೆಚ್ಚಾದದ್ದು ಈ ಕಾರಣದಿಂದ. ಕುಸ್ತಿಪಟು ಬೇಕೆಂದರೆ ಕೆಡವುತ್ತಾನೆ, ಬೇಡವೆಂದರೆ ತನ್ನನ್ನು ಕೆಡವಲು ಬಿಡುವುದಿಲ್ಲ. 2020ರಲ್ಲಿ 29 ಕಾಳಗಗಳಲ್ಲಿ ಒಂದನ್ನೂ ಸೋಲದೆ ನಿವೃತ್ತನಾದ ದಾಗೆಸ್ತಾನದ ಖಬೀಬ್ ನುರ್‌ಮಗೊಮೆದೊವ್ ಬೆಳೆದದ್ದು ಕುಸ್ತಿ, ಜೂಡೋ ಮತ್ತು ರಷ್ಯದ ಸಾಂಬೊ ನಡುವೆ.

ಆದರೂ ಕುಸ್ತಿ ಬಲ್ಲವನು ಹಾಗೆಯೇ ಪಂಜರ ಹೊಕ್ಕರೆ ಅಪಾಯವೇ. ಕಾರಣ, ಪ್ರತಿಯೊಂದು ಆಟದ ನಿಯಮವೂ ಆಡುವವನ ಮೈಗೆ ಒಂದು ಅಭ್ಯಾಸ ಕಲಿಸುತ್ತದೆ. ಆ ಅಭ್ಯಾಸ ಒಂದು ಕಣದಲ್ಲಿ ಕಾಯುತ್ತದೆ, ಇನ್ನೊಂದರಲ್ಲಿ ಕೊಲ್ಲುತ್ತದೆ. ಕರಾವಳಿಯವರಿಗೆ ಇದನ್ನು ಅರ್ಥ ಮಾಡಿಸಲು ಅಮೆರಿಕದವರೆಗೆ ಹೋಗಬೇಕಾಗಿಲ್ಲ. ಯಕ್ಷಗಾನದ ಗದಾಯುದ್ಧ ಪ್ರಸಂಗ ನೋಡದವರು ಇಲ್ಲಿ ಕಡಿಮೆ. ಸೊಂಟದಿಂದ ಕೆಳಗೆ ಹೊಡೆಯುವಂತಿಲ್ಲ ಎಂಬ ಧರ್ಮವಿರುವುದರಿಂದಲೇ ಕೌರವ ತೊಡೆಯನ್ನು ಕಾಯುವುದಿಲ್ಲ. ಭೀಮನ ಗದೆ ಬೀಳುವುದೂ ಅಲ್ಲಿಗೇ. ಬಾಕ್ಸಿಂಗ್ ಬಲ್ಲವನದೂ ಇದೇ ಕಥೆ. ಮುಂದಿನ ಕಾಲಿನ ಮೇಲೆ ಭಾರ ಹಾಕಿ ನಿಲ್ಲುವುದು ಅವನ ಕ್ರಮ. ಆ ಕಾಲಿಗೆ ಥಾಯ್ ಪದ್ಧತಿಯ ನಾಲ್ಕು ಒದೆತ ಬಿದ್ದರೆ ಮುಗಿಯಿತು, ಕೈಯ ಚಳಕ ಉಪಯೋಗಕ್ಕೆ ಬರುವುದಿಲ್ಲ.

ಕುಸ್ತಿಗೆ ಬಂದರೆ, 1910ರ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ ನಡೆದ ಒಂದು ಕಾಳಗ ನೆನಪಿಸಿಕೊಳ್ಳಬೇಕು. ನಮ್ಮ ಗಾಮಾ ಪೈಲ್ವಾನನ ಎದುರು ಪೋಲೆಂಡಿನ ಸ್ಟಾನಿಸ್ಲಾಸ್ ಜಿಬಿಸ್ಕೊ. ಗಾಮಾನ ಬಲ ಕಂಡ ಜಿಬಿಸ್ಕೊ ಬೋರಲು ಮಲಗಿದವನು ಎರಡೂವರೆ ಗಂಟೆಗೂ ಹೆಚ್ಚು ಕಾಲ ಹಾಗೆಯೇ ನೆಲ ಕಚ್ಚಿಕೊಂಡಿದ್ದ. ಬೆನ್ನು ಮಣ್ಣಿಗೆ ತಾಗಿದರೆ ತಾನೆ 'ಚಿತ್' ಆಗುವುದು? ಪ್ರೇಕ್ಷಕರು ಬೇಸತ್ತರು, ಪಂದ್ಯ ಸಮವಾಯಿತು. (1928ರಲ್ಲಿ ಪಟಿಯಾಲದಲ್ಲಿ ಮತ್ತೆ ಎದುರಾದಾಗ ಗಾಮಾ ಒಂದು ನಿಮಿಷವೂ ಕೊಡಲಿಲ್ಲ.) ಜಿಬಿಸ್ಕೊನ ಉಪಾಯ ಕುಸ್ತಿಯ ನಿಯಮದಲ್ಲಿ ಜಾಣತನ. ಇಂದಿನ ಪಂಜರದಲ್ಲಿ ಬೋರಲು ಮಲಗಿ ಬೆನ್ನು ಕೊಟ್ಟರೆ ಹಿಂದಿನಿಂದ ತೋಳು ಕುತ್ತಿಗೆಯನ್ನು ಸುತ್ತುತ್ತದೆ. ಮೆದುಳಿಗೆ ರಕ್ತ ಹೋಗುವುದು ನಿಂತು ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಎಚ್ಚರ ತಪ್ಪುತ್ತದೆ. (ಓದುತ್ತಿರುವ ಹುಡುಗರು ಇದನ್ನು ತಮ್ಮನ ಮೇಲೆ ಪ್ರಯೋಗಿಸಿ ನೋಡತಕ್ಕದ್ದಲ್ಲ.) ಬೆನ್ನ ಮೇಲೆ ಮಲಗಿದವನು ಸೋತ ಎಂಬುದೂ ಇಲ್ಲಿ ಸುಳ್ಳು.

ರಿತು ಫೋಗಟ್‌ಗೆ ಇದು ಅನುಭವದಿಂದ ಗೊತ್ತು. 'ದಂಗಲ್' ಚಿತ್ರದಿಂದ ಮನೆಮಾತಾದ ಹರಿಯಾಣದ ಫೋಗಟ್ ಸೋದರಿಯರಲ್ಲಿ ಒಬ್ಬಳಾದ ಆಕೆ ಕುಸ್ತಿ ಬಿಟ್ಟು 2019ರಲ್ಲಿ ಎಂಎಂಎ ಸೇರಿದಳು. ಒಬ್ಬೊಬ್ಬರನ್ನೇ ಕೆಡವುತ್ತ ಮುಂದೆ ಬಂದು 2021ರ ಡಿಸೆಂಬರಿನಲ್ಲಿ ಸಿಂಗಪುರದಲ್ಲಿ ಫೈನಲ್ ತಲುಪಿದಳು. ಎದುರಾಳಿ ಥಾಯ್ಲೆಂಡಿನ ಸ್ಟಾಂಪ್ ಫೇರ್‌ಟೆಕ್ಸ್, ಮುಯ್ ಥಾಯ್ ಕಲಿತು ಬೆಳೆದ ಹುಡುಗಿ. ನಿಂತು ಹೊಡೆದಾಡಿದರೆ ಸ್ಟಾಂಪ್, ನೆಲಕ್ಕೆ ಬಿದ್ದರೆ ರಿತು ಎಂದೇ ಎಲ್ಲರ ಲೆಕ್ಕ. ರಿತು ಕೆಡವಿದ್ದೂ ಹೌದು. ಆದರೆ ಎರಡನೆಯ ಸುತ್ತಿನಲ್ಲಿ ಕೆಳಗೆ ಬಿದ್ದಿದ್ದ ಸ್ಟಾಂಪ್ ಮೇಲಿದ್ದವಳ ತೋಳು ಹಿಡಿದು ಕಾಲುಗಳ ನಡುವೆ ಸಿಕ್ಕಿಸಿ ನಿಮಿರಿಸಿದಳು. ರಿತು ಸೋಲೊಪ್ಪಿಕೊಂಡಳು. ಒದೆಯುವವಳು ನೆಲದ ವಿದ್ಯೆಯಲ್ಲಿ ಕುಸ್ತಿಯವಳನ್ನು ಗೆದ್ದಳೆಂದರೆ ಅಚ್ಚರಿಯೇ. ಈ ಆಟದಲ್ಲಿ ಒಂದೇ ವಿದ್ಯೆಯನ್ನು ನಂಬಿ ಕೂರುವ ಕಾಲ ಹೋಗಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಹುಡುಕಬೇಕಾಗಿಲ್ಲ.

ಹಾಗಾದರೆ ನಮ್ಮ ಸ್ಕೂಟರಿನ ಹುಡುಗನ ಕರಾಟೆ? ಅಂಕಗಳ ಕರಾಟೆಯಲ್ಲಿ ಮುಷ್ಟಿ ತಾಗುತ್ತಲೇ ತೀರ್ಪುಗಾರ ಆಟ ನಿಲ್ಲಿಸುತ್ತಾನೆ. ಮೊದಲ ಪೆಟ್ಟಿನ ನಂತರ ಏನಾಗುತ್ತದೆ ಎಂಬುದನ್ನು ಮೈ ಕಲಿಯುವುದೇ ಇಲ್ಲ. ಪಂಜರದಲ್ಲಿ ಅಲ್ಲಿಂದಲೇ ಕಾಳಗ ಶುರು. ಒಲಿಂಪಿಕ್ಸಿನ ಟೇಕ್ವಾಂಡೊದಲ್ಲಿ ಮುಖಕ್ಕೆ ಗುದ್ದುವಂತಿಲ್ಲ. ಹಾಗಾಗಿ ಅನೇಕರ ಕೈಗಳು ಕೆಳಗೇ ಇರುತ್ತವೆ. ಎಂಎಂಎಗೆ ಬಂದವರು ಮೊದಲು ಮರೆಯಬೇಕಾದ ಪಾಠ ಅದು. ಆದರೆ ಕರಾಟೆಯವನಿಗೆ ಒಂದು ಸಂಪತ್ತು ಇದೆ, ಅದು ಅಂತರದ ಅಂದಾಜು. ದೂರ ನಿಂತು ಕ್ಷಣಾರ್ಧದಲ್ಲಿ ನುಗ್ಗಿ ಹೊಡೆದು ಹಿಂದೆ ಸರಿಯುವ ಕಲೆ. ಬ್ರೆಜಿಲಿನ ಲಿಯೊಟೊ ಮಚಿಡಾ ತಂದೆಯಿಂದ ಶೊಟೊಕಾನ್ ಕರಾಟೆ ಕಲಿತವನು. 2009ರಲ್ಲಿ ಯುಎಫ್‌ಸಿಯ ಲೈಟ್ ಹೆವಿವೇಟ್ ಪಟ್ಟ ಗೆದ್ದಾಗ ಕರಾಟೆ ಮುಗಿದ ಅಧ್ಯಾಯ ಎಂದವರು ಮಾತು ಹಿಂತೆಗೆದುಕೊಳ್ಳಬೇಕಾಯಿತು. ಅವನಿಗೆ ಸುಮೋ, ಜುಜುತ್ಸುಗಳೂ ತಿಳಿದಿದ್ದವು ಎನ್ನುವುದನ್ನು ಮರೆಯುವಂತಿಲ್ಲ. ಜೂಡೋದ ವಿಷಯವೂ ಹೀಗೇ. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಜೂಡೋ ಕಂಚು ಗೆದ್ದ ರೊಂಡಾ ರೌಸಿ ಯುಎಫ್‌ಸಿಯ ಮೊದಲ ಮಹಿಳಾ ಚಾಂಪಿಯನ್ ಆಗಿ ಎದುರಾಳಿಗಳ ತೋಳು ತಿರುಚುತ್ತ ಮೆರೆದಳು. 2015ರಲ್ಲಿ ಹಾಲಿ ಹೋಮ್ ಎಂಬ ಬಾಕ್ಸರ್ ಹತ್ತಿರಕ್ಕೇ ಬಿಟ್ಟುಕೊಳ್ಳದೆ ದೂರದಿಂದಲೇ ಹೊಡೆದು, ಕೊನೆಗೆ ತಲೆಗೆ ಒದ್ದು ಕೆಡವಿದಳು. ಮನೆಯಲ್ಲಿ ಕೂತು 'ಯಾವುದು ದೊಡ್ಡದು' ಎಂದು ಪಟ್ಟಿ ಮಾಡುವವರಿಗೆ ಕುಸ್ತಿ ಮತ್ತು ಜುಜುತ್ಸುವನ್ನು ಮೊದಲಿಗೂ, ಬಾಕ್ಸಿಂಗ್ ಮತ್ತು ಮುಯ್ ಥಾಯ್‌ಗಳನ್ನು ಅದರ ಪಕ್ಕಕ್ಕೂ, ಜೂಡೋವನ್ನು ಬೆನ್ನಿಗೂ, ಕರಾಟೆ ಟೇಕ್ವಾಂಡೊಗಳನ್ನು ಅನಂತರಕ್ಕೂ ಇಟ್ಟರೆ ತೀರ ತಪ್ಪಾಗದು.

ಮೈಸೂರಿನ ವಜ್ರಮುಷ್ಟಿ, ಮಲೆಯಾಳದ ಕಳರಿಪಯಟ್ಟುಗಳ ಹೆಸರು ಈ ಪಟ್ಟಿಯಲ್ಲಿಲ್ಲವೆಂದು ಬೇಸರಿಸಬೇಕಾಗಿಲ್ಲ. ಅವುಗಳ ದಾರಿಯೇ ಬೇರೆ. ವಿಜಯದಶಮಿಯ ದಿನ ಮೈಸೂರಿನ ಅರಮನೆಯಲ್ಲಿ ತಲೆ ಬೋಳಿಸಿದ ಜಟ್ಟಿಗಳು ಬೆರಳಿಗೆ ವಜ್ರಮುಷ್ಟಿ ತೊಟ್ಟು ಕಾದುತ್ತಾರೆ. ತಲೆಯಿಂದ ರಕ್ತದ ಮೊದಲ ಹನಿ ಕಂಡೊಡನೆ ಕಾಳಗ ಮುಗಿಯಿತು. ಅದು ಹಬ್ಬದ ವಿಧಿ. ಕಳರಿಯೋ ಮೈಯನ್ನು ಬಳುಕಿಸುವ ಮೆಯ್‌ಪಯಟ್ಟಿನಿಂದ ಆರಂಭಿಸಿ ಕೋಲು, ಕತ್ತಿ, ಉರುಮಿಗಳವರೆಗೆ ಹೋಗುವ ವಿದ್ಯೆ. ಅದರ ಬಹುಪಾಲು ಆಯುಧ. ಬರಿಗೈಯ ಐದು ನಿಮಿಷದ ಸುತ್ತಿಗೆ ಅದನ್ನು ಅಳೆಯುವುದು ವೀಣೆಯನ್ನು ಚೆಂಡೆಯ ಪಕ್ಕ ಇಟ್ಟು ಸದ್ದು ಅಳೆದಂತೆ.

ಮಂಗಳೂರಿನ ಮಟ್ಟಿಗೆ ಒಂದು ವಿಪರ್ಯಾಸವಿದೆ. ಮೈಸೂರಿನವರಿಗೆ ಗರಡಿ ಎಂದರೆ ಕೆಂಪು ಮಟ್ಟಿಯ ಕುಸ್ತಿ ಮನೆ. ತುಳುನಾಡಿನಲ್ಲಿ ಅದೇ ಪದ ಗರೋಡಿಯಾಗಿ ಕೋಟಿ-ಚೆನ್ನಯರ ಗುಡಿಯಾಗಿದೆ. ಕಂಕನಾಡಿಯ ಗರೋಡಿಗೆ ಹೋಗುವವರು ಕೈಮುಗಿದು ಬರುತ್ತಾರೆ. ಒಂದು ಕಾಲಕ್ಕೆ ಆ ಹೆಸರಿನ ಜಾಗದಲ್ಲಿ ಯುವಕರು ಸಾಧನೆ ಮಾಡುತ್ತಿದ್ದರೆಂಬ ನೆನಪು ಪಾಡ್ದನಗಳಲ್ಲಿ, ಬೈದರ್ಕಳರ ಕೈಯ ಸುರಿಯದಲ್ಲಿ ಉಳಿದಿದೆ. ದಸರೆಯ ಹುಲಿವೇಷದ ತಂಡಗಳಲ್ಲಿ ತಾಲೀಮಿನ ಕುರುಹು ಇನ್ನೂ ಇದೆ. ಲಾಗ ಹಾಕುವ, ಸುಮಾರು 40 ಕಿಲೋದ ಅಕ್ಕಿಮುಡಿಯನ್ನು ಹಲ್ಲಿನಿಂದಲೇ ಎತ್ತಿ ಹಿಂದಕ್ಕೆಸೆಯುವ ಹುಡುಗರ ಕತ್ತಿನ ಬಲ ಕಂಡರೆ ಯಾವ ಕುಸ್ತಿ ತರಬೇತುದಾರನ ಬಾಯಲ್ಲೂ ನೀರೂರೀತು. ಆದರೆ ಕುಸ್ತಿ ಕಲಿಯಬೇಕೆಂದರೆ ದಾವಣಗೆರೆ, ಧಾರವಾಡದ ಕಡೆಯೇ ನೋಡಬೇಕು. ಜೂಡೋ ಎಂದರೆ ಬೆಳಗಾವಿ. ಕರಾವಳಿಯಲ್ಲಿ ಮೂಡುಬಿದಿರೆಯ ಆಳ್ವಾಸ್‌ನಂಥ ಕಡೆ ಕಾಲೇಜು ಹುಡುಗ ಹುಡುಗಿಯರು ಕುಸ್ತಿ ಆಡುತ್ತಾರಾದರೂ ಹತ್ತು ವರ್ಷದ ಮಗುವಿಗೆ ಮನೆ ಹತ್ತಿರ ಸಿಗುವುದು ಕರಾಟೆಯೇ. ಪಂಜರದಲ್ಲಿ ಹೆಚ್ಚು ಬೆಲೆಯುಳ್ಳದ್ದು ಇಲ್ಲಿ ವಿರಳ, ಬೆಲೆ ಕಡಿಮೆಯದ್ದು ಬೀದಿಗೊಂದು.

ಅದರಿಂದ ಕರಾಟೆ ಬಿಡಿಸಬೇಕೇ? ಅವಸರ ಬೇಡ. ಹತ್ತು ವರ್ಷದ ಮಗು ಪಂಜರಕ್ಕೆ ಇಳಿಯಲು ಕಲಿಯುತ್ತಿಲ್ಲ. ಸಮಯಕ್ಕೆ ಸರಿಯಾಗಿ ಬರುವುದು, ಮೈ ಬಗ್ಗಿಸುವುದು, ಎದುರು ನಿಂತವನ ಕಣ್ಣನ್ನು ನೋಡುವುದು, ಇಷ್ಟನ್ನು ಒಳ್ಳೆಯ ಗುರು ಯಾವ ವಿದ್ಯೆಯಿಂದಲೂ ಕಲಿಸಿಯಾನು. ಒಂದು ಕಲಿತ ಮೈ ಇನ್ನೊಂದಕ್ಕೆ ಒದಗುವುದೂ ಉಂಟು. ಬೆಳಗಾವಿ ಸಮೀಪದ ಹಳ್ಳಿಯ ಮಲಪ್ರಭಾ ಜಾಧವ್ ಕಲಿತದ್ದು ಜೂಡೋ. 2018ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚು ಗೆದ್ದದ್ದು ಉಜ್ಬೇಕಿಸ್ತಾನದ ಕುರಾಶ್‌ನಲ್ಲಿ. 2024ರ ಜೂನ್‌ನಲ್ಲಿ ಯುಎಫ್‌ಸಿಯಲ್ಲಿ ಗೆದ್ದ ಮೊದಲ ಭಾರತೀಯ ಮಹಿಳೆ ಎನಿಸಿದ ಉತ್ತರ ಪ್ರದೇಶದ ಪೂಜಾ ತೋಮರ್ ಬಂದದ್ದು ವುಶುವಿನಿಂದ.

ಬೆಲ್ಟಿನ ಬಣ್ಣಕ್ಕೆ ಮಾತ್ರ ಅಷ್ಟೊಂದು ಮರುಳಾಗಬಾರದು. ಬಣ್ಣಬಣ್ಣದ ಬೆಲ್ಟುಗಳ ಏಣಿ ಜಪಾನಿನ ಪುರಾತನ ಸಂಪ್ರದಾಯವೇನಲ್ಲ, 20ನೇ ಶತಮಾನದಲ್ಲಿ ಯುರೋಪಿನಲ್ಲಿ ಬೆಳೆದದ್ದು. ಜುಜುತ್ಸುವಿನಲ್ಲಿ 16 ತುಂಬದೆ ನೀಲಿ ಬೆಲ್ಟು ಇಲ್ಲ, 19 ತುಂಬದೆ ಕಪ್ಪು ಇಲ್ಲ. ಐದನೆಯ ತರಗತಿಯಲ್ಲೇ ಕಪ್ಪು ಬೆಲ್ಟು ಕಟ್ಟಿ ಫೋಟೋ ತೆಗೆಸುವ ತರಗತಿಯ ಬಗ್ಗೆ ಹೆತ್ತವರು ಎರಡು ಬಾರಿ ಯೋಚಿಸಿದರೆ ನಷ್ಟವಿಲ್ಲ. ಕಾಲೇಜಿನ ಕ್ರೀಡಾ ಕೋಟಾದ ಮೇಲೆ ಕಣ್ಣಿಟ್ಟವರು ಇನ್ನೊಂದು ವಿಷಯ ತಿಳಿದಿರಲಿ: ಕುಸ್ತಿ, ಬಾಕ್ಸಿಂಗ್, ಜೂಡೋ, ಟೇಕ್ವಾಂಡೊ ಒಲಿಂಪಿಕ್ಸ್‌ನಲ್ಲಿವೆ, ಕರಾಟೆ 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ ಬಂದು 2024ರ ಪ್ಯಾರಿಸ್‌ನಲ್ಲಿ ಮಾಯವಾಯಿತು, ಎಂಎಂಎ ಇನ್ನೂ ಒಳಗೆ ಕಾಲಿಟ್ಟಿಲ್ಲ.

ಇನ್ನು ಅಮ್ಮನ ಪ್ರಶ್ನೆ. ಅದನ್ನು ನಕ್ಕು ತಳ್ಳಿಹಾಕುವಂತಿಲ್ಲ. 2022ರ ಜುಲೈನಲ್ಲಿ ಬೆಂಗಳೂರಿನಲ್ಲಿ ನಡೆದ ಕಿಕ್ ಬಾಕ್ಸಿಂಗ್ ಸ್ಪರ್ಧೆಯಲ್ಲಿ ಮೈಸೂರಿನ ಯುವಕನೊಬ್ಬ ಪೆಟ್ಟು ತಿಂದು ಕುಸಿದು, ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದ. ಸ್ಥಳದಲ್ಲಿ ತಕ್ಕ ವೈದ್ಯಕೀಯ ಏರ್ಪಾಟು ಇರಲಿಲ್ಲವೆಂದು ಮನೆಯವರು ದೂರಿದ್ದರು. ಬೆಳೆಯುವ ಮಕ್ಕಳ ಮೆದುಳು ದೊಡ್ಡವರದಕ್ಕಿಂತ ನಾಜೂಕು. ಅಂತಾರಾಷ್ಟ್ರೀಯ ಹವ್ಯಾಸಿ ಎಂಎಂಎಯಲ್ಲಿ ಕಿರಿಯರ ವಿಭಾಗಗಳಲ್ಲಿ ತಲೆಗೆ ಹೊಡೆಯುವುದಕ್ಕೇ ಅವಕಾಶವಿಲ್ಲ. ಆದುದರಿಂದ ಮಗನನ್ನೋ ಮಗಳನ್ನೋ ಇಂಥ ತರಗತಿಗೆ ಸೇರಿಸುವ ಮುನ್ನ ತಂದೆತಾಯಿ ಒಂದು ಸಂಜೆ ಮೂಲೆಯಲ್ಲಿ ಸುಮ್ಮನೆ ಕೂತು ನೋಡಬೇಕು. ನೆಲಕ್ಕೆ ದಪ್ಪ ಮ್ಯಾಟ್ ಹಾಸಿದೆಯೇ, ಹದಿಮೂರರ ಹುಡುಗನನ್ನು ಇಪ್ಪತ್ತರವನ ಜೊತೆ ಬಿಡುತ್ತಾರೆಯೇ, ತೂಕ ಇಳಿಸಲು ನೀರು ಕುಡಿಯಬೇಡ ಎನ್ನುತ್ತಾರೆಯೇ, ತಲೆಗೆ ಪೆಟ್ಟು ಬಿದ್ದ ಮಗುವನ್ನು ಅಂದೇ ಮತ್ತೆ ಆಡಿಸುತ್ತಾರೆಯೇ. ಕೂತು ನೋಡಲು ಬಿಡುವುದಿಲ್ಲ ಎಂದರೆ ಅಲ್ಲಿಂದಲೇ ಮನೆಗೆ ಬರಬಹುದು.

ಒಳ್ಳೆಯ ತರಗತಿಯಲ್ಲಿ ಮೊದಲ ವಾರ ಹೊಡೆತವೂ ಇಲ್ಲ, ಒದೆತವೂ ಇಲ್ಲ. ಗದ್ದವನ್ನು ಎದೆಗೊತ್ತಿ, ಬೆನ್ನು ಉಂಡೆ ಮಾಡಿ, ಅಂಗೈಯಿಂದ ನೆಲ ಬಡಿಯುತ್ತ ಬೀಳುವುದನ್ನು ಕಲಿಸುತ್ತಾರೆ. ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳದಲ್ಲಿ ಜಾರುವ ಮಂಗಳೂರಿನ ಮಕ್ಕಳಿಗೆ ಅದಂತೂ ಮರುದಿನವೇ ಉಪಯೋಗಕ್ಕೆ ಬರುವ ವಿದ್ಯೆ. ಎರಡನೆಯ ಪಾಠ ಇನ್ನೂ ಸಣ್ಣದು: ಪಟ್ಟಿನಲ್ಲಿ ಸಿಕ್ಕಿಕೊಂಡಾಗ ಎದುರಾಳಿಯ ಮೈಯನ್ನೋ ನೆಲವನ್ನೋ ಕೈಯಿಂದ ತಟ್ಟಬೇಕು, ತಟ್ಟಿದೊಡನೆ ಹಿಡಿದವನು ಬಿಡಬೇಕು.